ಓಮ್ನಿ ಹೆಡ್ ಫೇಸಿಂಗ್: ಕಂಪ್ರೆಶನ್ 8.7ರಿಂದ 9.2ಕ್ಕೆ

ಗಾಡಿ ಕಾರ್ಬ್ಯುರೇಟರ್ ಕಾಲದ ಮಾರುತಿ ಓಮ್ನಿ. ಎಫ್8ಬಿ ಎಂಜಿನ್, ಮೂರು ಸಿಲಿಂಡರ್, 796 ಸಿಸಿ, ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಓಡಾಟ ಶಿವಮೊಗ್ಗ–ತೀರ್ಥಹಳ್ಳಿ, ನಡುನಡುವೆ ಆಗುಂಬೆ ಘಾಟಿ ಇಳಿದು ಉಡುಪಿ. ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲ್) ಹೋಗಿದ್ದರಿಂದ ಹೆಡ್ ಹೇಗೂ ಬಿಚ್ಚಲೇಬೇಕಿತ್ತು, ಜೊತೆಗೆ ಫೇಸಿಂಗ್: ಹೆಡ್ಡಿನ ಕೆಳಗಿನ ಮುಖವನ್ನು ತುಸು ಕತ್ತರಿಸಿ ಕಂಪ್ರೆಶನ್ (ಸಿಲಿಂಡರಿನಲ್ಲಿ ಗಾಳಿ–ಪೆಟ್ರೋಲ್ ಎಷ್ಟು ಪಟ್ಟು ಒತ್ತಿಹೋಗುತ್ತದೆ ಎಂಬ ಅನುಪಾತ) ಏರಿಸುವ ಕೆಲಸ. ಬರೀ ಕಂಪ್ರೆಶನ್ ಏರಿಸಲೆಂದೇ ಚೆನ್ನಾಗಿರುವ ಹೆಡ್ ಬಿಚ್ಚಬೇಡಿ: 8.7ರಿಂದ 9.2ಕ್ಕೆ ಹೋದರೆ ಲೆಕ್ಕದ ಪ್ರಕಾರ ದಕ್ಷತೆ ಹೆಚ್ಚುವುದು ಶೇ. 1.6 ಮಾತ್ರ.

ಆದರೂ ಮಾಡುತ್ತಿರುವುದು ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲ್‌ಗಾಗಿ. ಅದರಲ್ಲಿ ಲೀಟರಿಗೆ ಶಕ್ತಿ ಶೇ. 6–7 ಕಡಿಮೆ, ಆಕ್ಟೇನ್ (ಒತ್ತಡಕ್ಕೆ ತಾನಾಗಿ ಸಿಡಿಯದೆ ತಡೆಯುವ ಗುಣದ ಅಳತೆ) ಮಾತ್ರ 95ರ ಮಟ್ಟದ್ದು. ಹಿಂದಿನ ಸಾದಾ ಪೆಟ್ರೋಲ್ 91. ಕಂಪ್ರೆಶನ್ ಹಳೆಯದೇ ಇದ್ದರೆ ಹೆಚ್ಚಿನ ಆಕ್ಟೇನ್‌ನಿಂದ ಏನೂ ಸಿಗುವುದಿಲ್ಲ, ಕಳೆದುಕೊಂಡದ್ದು ಮಾತ್ರ ಉಳಿಯುತ್ತದೆ.

ಮೊದಲು ವಾಲ್ವ್ ಕೆಲಸ ಮುಗಿಸಬೇಕು. ಸೀಟ್ ಕತ್ತರಿಸಿ ವಾಲ್ವ್ ಗ್ರೈಂಡ್ ಮಾಡಿದಾಗ ವಾಲ್ವ್ ಒಳಗೆ ಕೂತು ಚೇಂಬರ್ (ಪೆಟ್ರೋಲ್ ಉರಿಯುವ ಹೆಡ್ಡಿನ ಗುಳಿ) ದೊಡ್ಡದಾಗುತ್ತದೆ; ಅಳತೆ ಮೊದಲೇ ತೆಗೆದಿದ್ದರೆ ಅದು ದಂಡ. ಆಮೇಲೆ ವಾಲ್ವ್, ಸ್ಪಾರ್ಕ್ ಪ್ಲಗ್ ಎರಡನ್ನೂ ಕೂರಿಸಿ, ಹೆಡ್ ಮೇಲೆ ತೂತಿರುವ ಅಕ್ರಿಲಿಕ್ ಹಾಳೆಯನ್ನು ಗ್ರೀಸ್ ಹಚ್ಚಿ ಅಂಟಿಸಿ, ಅಳತೆ ಗೆರೆಗಳಿರುವ ಬ್ಯುರೆಟ್‌ನಿಂದ ನೀರು ಬಿಡಬೇಕು. ನೀರಿಗೆ ಸ್ವಲ್ಪ ಇಂಕು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಗುಳ್ಳೆ ಅಂಟಿಕೊಳ್ಳುವುದಿಲ್ಲ. ಇಲ್ಲಿ ಬಂದದ್ದು 26.8, 26.9, 27.0 ಸಿಸಿ.

ಪಿಸ್ಟನ್ ಕಡೆ ಅಳೆಯಲು ಪಿಸ್ಟನ್ನನ್ನು ಮೇಲ್ತುದಿಯಿಂದ ಸರಿಯಾಗಿ 10 ಮಿ.ಮೀ. ಇಳಿಸಿ, ಅಂಚಿಗೆ ಗ್ರೀಸ್ ತುಂಬಿ ಮೇಲಿನವರೆಗೆ ನೀರು ಬಿಟ್ಟಾಗ 39.9 ಸಿಸಿ ಹಿಡಿಯಿತು. ಬರೀ ಸಿಲಿಂಡರಿನ ಪಾಲು 36.9, ಹಾಗಾಗಿ ಪಿಸ್ಟನ್ ತಗ್ಗು, ಬ್ಲಾಕಿನ ಮೇಲ್ಮೈಯಿಂದ ಅದು ಇಳಿದಿರುವ ಜಾಗ ಎಲ್ಲ ಸೇರಿ 3.0. ಹಳೇ ಗ್ಯಾಸ್ಕೆಟ್ ಒತ್ತಿಹೋದ ಜಾಗದಲ್ಲಿ ಮೈಕ್ರೋಮೀಟರ್‌ಗೆ 1.2 ಮಿ.ಮೀ., ತೂತಿನ ವ್ಯಾಸ 70, ಅಂದರೆ 4.6 ಸಿಸಿ. ಚೇಂಬರಿನ ಸರಾಸರಿ 26.9 ಸೇರಿಸಿ ಒಟ್ಟು 34.5. ಒಂದು ಸಿಲಿಂಡರಿನ ಸ್ಟ್ರೋಕ್ ಗಾತ್ರ 265.3 ಸಿಸಿ, ಅದನ್ನು 34.5ರಿಂದ ಭಾಗಿಸಿ ಒಂದು ಕೂಡಿಸಿದರೆ 8.7.

9.2 ಬೇಕಾದರೆ ಒಟ್ಟು 32.4ಕ್ಕೆ ಇಳಿಯಬೇಕು. ಚೇಂಬರಿನ ಬಾಯಿಯನ್ನು ಗ್ರಾಫ್ ಹಾಳೆಗೆ ಇಳಿಸಿಕೊಂಡರೆ 31 ಚದರ ಸೆಂ.ಮೀ., ಮಿಲಿಮೀಟರಿಗೆ 3.1 ಸಿಸಿ. ತೆಗೆಯಬೇಕಾದದ್ದು ಸುಮಾರು 0.7 ಮಿ.ಮೀ.

ಫೇಸಿಂಗ್‌ಗೆ ಕೊಡುವ ಮುನ್ನ ಸ್ಟ್ರೈಟ್ ಎಡ್ಜ್ ಇಟ್ಟು ಫಿಲ್ಲರ್ ಗೇಜ್ ಹಾಕಿ ನೋಡಬೇಕು. 0.05 ಮಿ.ಮೀ. ದಾಟಿದ ಬಾಗು ಇದ್ದರೆ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಕೂರಿಸಿ ಕೈಯಲ್ಲಿ ತಿರುಗಿಸಿ. ಅಲ್ಯೂಮಿನಿಯಂ ಹೆಡ್ ಬಿಸಿಗೆ ಬಾಗಿದಾಗ ಕ್ಯಾಮ್ ಕೂರುವ ಜಾಗವೂ ಬಾಗಿರುತ್ತದೆ. ಕೆಳಗಿನ ಮುಖ ಮಾತ್ರ ನೇರ ಮಾಡಿಸಿದರೆ ಕ್ಯಾಮ್ ಹಿಡಿದುಕೊಳ್ಳುತ್ತದೆ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಯಾವ ಶಾಪಿಗೆ ಹೋದರೂ ಒಂದನ್ನು ಬಿಡದೆ ಕೇಳಿ: ಹೆಡ್ಡನ್ನು ಮೇಲಿನ ಕವರ್ ಮುಖದ ಮೇಲೆ ಸುಮ್ಮನೆ ಕೂರಿಸಿ ಹೊಡೆಯಬಾರದು. ಗ್ಯಾಸ್ಕೆಟ್ ಮುಖದ ನಾಲ್ಕು ಮೂಲೆಗೂ ಡಯಲ್ ಗೇಜ್ ಹಿಡಿದು, ವ್ಯತ್ಯಾಸ 0.02ರೊಳಗೆ ಬರುವವರೆಗೆ ಶಿಮ್ (ತೆಳು ತಗಡು) ಕೊಡಬೇಕು. ಇಲ್ಲದಿದ್ದರೆ ಹೆಡ್ ಓರೆಯಾಗಿ, ಒಂದನೇ ಸಿಲಿಂಡರಿಗೂ ಮೂರನೆಯದಕ್ಕೂ ಕಂಪ್ರೆಶನ್ ಬೇರೆಬೇರೆ ಆಗುತ್ತದೆ. ಮೊದಲ ಕಟ್ 0.5, ತೊಳೆದು ಮತ್ತೆ ಅಳೆದಾಗ 25.4 ಸಿಸಿ. ಚೇಂಬರ್ ಒಳಗೆ ಹೋದಂತೆ ಕಿರಿದಾಗುವುದರಿಂದ ಲೆಕ್ಕಕ್ಕಿಂತ ತುಸು ಕಡಿಮೆಯೇ ಹೋಗಿದೆ. ಕೊನೇ 0.2 ತೆಳುವಾಗಿ ಎರಡು ಸಲ. ಈಗ ಸರಾಸರಿ 24.8, ಒಟ್ಟು 32.4.

ಕಟ್ ಆದಮೇಲೆ ಚೇಂಬರಿನ ಬಾಯಿ ಬ್ಲೇಡಿನಂತೆ ಹರಿತವಾಗಿರುತ್ತದೆ. ಆ ಅಂಚು ಕೆಂಪಗೆ ಕಾದು, ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಸುತ್ತದೆ. 400 ನಂಬರ್ ಎಮರಿಯಲ್ಲಿ ತುಸುವೇ ದುಂಡಗೆ ಮಾಡಿದೆವು, ಗ್ಯಾಸ್ಕೆಟ್ ಕೂರುವ ಮುಖಕ್ಕೆ ತಾಗದಂತೆ.

ವಾಲ್ವ್ ಪಿಸ್ಟನ್ನಿಗೆ 0.7 ಹತ್ತಿರ ಬಂದಿದೆ. ಪಿಸ್ಟನ್ ಮೇಲೆ ಮಕ್ಕಳಾಟದ ಜೇಡಿ ಇಟ್ಟು, ಹೆಡ್ ಬಿಗಿದು, ಬೆಲ್ಟ್ ಹಾಕಿ ಕೈಯಲ್ಲಿ ಎರಡು ಸುತ್ತು ತಿರುಗಿಸಿ ಜೇಡಿ ಕತ್ತರಿಸಿ ನೋಡುವುದು. ಇನ್ಲೆಟ್‌ಗೆ 1.5, ಎಕ್ಸಾಸ್ಟ್‌ಗೆ 2 ಮಿ.ಮೀ.ಗಿಂತ ಕಡಿಮೆ ಇರಕೂಡದು.

ಹೆಡ್ ಇಳಿದಾಗ ಕ್ಯಾಮ್ ಹಿಂದೆ ಬೀಳುತ್ತದೆ. ಪುಲ್ಲಿಯ ತ್ರಿಜ್ಯ 60 ಮಿ.ಮೀ. ಆಸುಪಾಸು ಹಿಡಿದರೆ 0.7ಕ್ಕೆ ಕ್ರ್ಯಾಂಕಿನಲ್ಲಿ ಸುಮಾರು 1.3 ಡಿಗ್ರಿ. ಇಷ್ಟಕ್ಕೆ ಪುಲ್ಲಿ ತೂತು ಅಗಲಿಸುವುದು ಬೇಡ. ಒಂದು ಮಿಲಿಮೀಟರ್ ದಾಟಿದರೆ ಸರಿಪಡಿಸಲೇಬೇಕು. ಡಿಸ್ಟ್ರಿಬ್ಯೂಟರ್ ಕ್ಯಾಮ್‌ನಿಂದಲೇ ತಿರುಗುವುದರಿಂದ ಟೈಮಿಂಗ್ ಲೈಟ್ ಹಿಡಿದು ಇಗ್ನಿಷನ್ ಹೊಸದಾಗಿ ಇಡಬೇಕು. ಕಂಪನಿ ಗುರುತಿಗಿಂತ 2 ಡಿಗ್ರಿ ಹಿಂದೆ ಇಟ್ಟಿದ್ದೇವೆ.

ಜೋಡಣೆಯಲ್ಲಿ ಹೊಸದೇನಿಲ್ಲ: ಹೊಸ ಗ್ಯಾಸ್ಕೆಟ್, ನಡುವಿನಿಂದ ಹೊರಕ್ಕೆ ಮೂರು ಹಂತದಲ್ಲಿ ಟಾರ್ಕ್. ಬೋಲ್ಟ್ ತೂತಿನಲ್ಲಿ ನೀರು, ಆಯಿಲ್ ಉಳಿದರೆ ಬ್ಲಾಕ್ ಸೀಳುತ್ತದೆ, ಗಾಳಿ ಹೊಡೆದು ಒಣಗಿಸಿ.

ಇ20 ಆದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಶೇ. 8ರಷ್ಟು ಹೆಚ್ಚು ಬೇಕು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ 100 ನಂಬರ್ ಇದ್ದರೆ 104 ಹಾಕಬೇಕು. ಹಳೇ ಜೆಟ್ಟನ್ನೇ ಬಿಟ್ಟರೆ ಮಿಶ್ರಣ ತೆಳುವಾಗಿ, ಏರಿಸಿದ ಕಂಪ್ರೆಶನ್‌ಗೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಹಳೇ ರಬ್ಬರ್ ಪೈಪು, ಕಾರ್ಬ್ಯುರೇಟರ್ ಡಯಾಫ್ರಾಮ್ ಕೂಡ ಎಥೆನಾಲ್ ತಡೆಯುವಂಥವು ಹಾಕಬೇಕು.

ಬಾಕಿ ಇರುವುದು ಘಾಟಿ ಟೆಸ್ಟ್. ಶಿವಮೊಗ್ಗದ ಸುತ್ತ ಓಡಿಸಿ ನಾಕಿಂಗ್ (ಪೆಟ್ರೋಲ್ ಒತ್ತಡಕ್ಕೆ ತಾನಾಗಿ ಸಿಡಿಯುವುದು) ಇಲ್ಲ ಎಂದು ನಂಬುವಂತಿಲ್ಲ: 600 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 7 ಕಡಿಮೆ, ಸಿಲಿಂಡರಿಗೂ ಅಷ್ಟೇ ಕಡಿಮೆ ತುಂಬುತ್ತದೆ. ನಿಜವಾದ ಪರೀಕ್ಷೆ ಬೇಸಿಗೆ ಮಧ್ಯಾಹ್ನ, ಆರು ಜನರ ಭಾರದಲ್ಲಿ, ಘಾಟಿಯ ಬುಡದ ಸೋಮೇಶ್ವರದಿಂದ ಮೇಲಕ್ಕೆ. ಹೇರ್‌ಪಿನ್ ದಾಟಿ ಎರಡನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಕಿಣಿಕಿಣಿ ಶಬ್ದ ಕೇಳಬಾರದು. ಮೇಲೆ ಬಂದು ಪ್ಲಗ್ ಬಿಚ್ಚಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಸಣ್ಣ ಕರಿ ಚುಕ್ಕೆ ಅಥವಾ ಅಲ್ಯೂಮಿನಿಯಂ ಹೊಳಪು ಕಂಡರೆ ಕಿವಿಗೆ ಕೇಳದ ನಾಕಿಂಗ್ ಆಗಿದೆ. ಆಗ ಇಗ್ನಿಷನ್ ಇನ್ನೆರಡು ಡಿಗ್ರಿ ಹಿಂದೆ ಇಡುವುದು. ಅದಕ್ಕೂ ಬಗ್ಗದಿದ್ದರೆ 0.3 ಮಿ.ಮೀ. ದಪ್ಪ ಹೆಚ್ಚಿರುವ ಗ್ಯಾಸ್ಕೆಟ್: ಕಂಪ್ರೆಶನ್ 8.9ಕ್ಕೆ ಇಳಿಯುತ್ತದೆ.