ಮರ್ಲಿನ್ ಪ್ರಿಂಟ್‌ನ ಬೆಲೆ ಇರುವುದು ಹಿಂಬದಿಯಲ್ಲಿ

ಅಮೆರಿಕದ ಕಲಾವಿದ ಆ್ಯಂಡಿ ವಾರ್ಹಾಲ್‌ನ ಸಿನಿಮಾ ತಾರೆ ಮರ್ಲಿನ್ ಮನ್ರೋ ಪ್ರಿಂಟ್ ಕೈಗೆ ಬಂದರೆ ಮೊದಲು ಅದನ್ನು ಮಗುಚಿ ಹಾಕಿ ನೋಡಿ. ಮುಂದಿರುವ ಮುಖ ಪೋಸ್ಟರ್‌ನಲ್ಲೂ ಒಂದೇ, ಲಕ್ಷ ಡಾಲರ್ ದಾಟುವ ಹಾಳೆಯಲ್ಲೂ ಒಂದೇ.

1967ರ ಮೂಲ ಸೆಟ್‌ನಲ್ಲಿ ಹತ್ತು ಹಾಳೆ, ಪ್ರತಿಯೊಂದೂ 36 ಇಂಚು ಚೌಕ. ಅಚ್ಚಾದದ್ದು 250 ಸೆಟ್, ಜೊತೆಗೆ ಎ ಇಂದ ಝಡ್‌ವರೆಗೆ ಅಕ್ಷರ ಹಾಕಿದ ಕಲಾವಿದನ 26 ಪ್ರತಿ. ಪೆನ್ಸಿಲ್ ಸಹಿ ಅಥವಾ ಇನಿಶಿಯಲ್, ರಬ್ಬರ್ ಸ್ಟ್ಯಾಂಪಿನ ಸಂಖ್ಯೆ, ಎಲ್ಲ ಇರುವುದು ಹಿಂಬದಿಯಲ್ಲಿ. 1970ರಲ್ಲಿ ಶುರುವಾದ ಸಂಡೇ ಬಿ. ಮಾರ್ನಿಂಗ್ ಎಂಬ ಪ್ರಕಾಶನದ ಪ್ರಿಂಟ್‌ಗಳ ಹಿಂದೆ 'ನಿಮ್ಮ ಸಹಿ ನೀವೇ ಹಾಕಿಕೊಳ್ಳಿ' ಎಂಬರ್ಥದ ಇಂಗ್ಲಿಷ್ ಸ್ಟ್ಯಾಂಪ್ ಇರುತ್ತದೆ. ಹಳೆಯದಕ್ಕೆ ಕಪ್ಪು ಶಾಯಿ, ಆಮೇಲಿನದಕ್ಕೆ ನೀಲಿ. ಇವೂ ನಿಜವಾದ ಸ್ಕ್ರೀನ್ ಪ್ರಿಂಟ್‌ಗಳೇ, ಆದರೆ ಬೆಲೆ 1967ರ ಹಾಳೆಯ ಹತ್ತಿರಕ್ಕೂ ಬರುವುದಿಲ್ಲ. 1967ರ ಹಾಳೆಯ ಹಿಂದಿನ ಸಂಖ್ಯೆ 5 ಇರಲಿ 205 ಇರಲಿ, ಅದರಿಂದ ಬೆಲೆಯಲ್ಲಿ ಹೆಚ್ಚೇನೂ ವ್ಯತ್ಯಾಸವಾಗದು.

ಸ್ಕ್ರೀನ್ ಪ್ರಿಂಟ್ ಎಂದರೇನೆಂದು ತಿಳಿಯಲು ಮಂಗಳೂರಿನ ಲಗ್ನಪತ್ರಿಕೆ ನೆನೆದರೆ ಸಾಕು. ಚೌಕಟ್ಟಿಗೆ ಬಿಗಿದ ನೈಲಾನ್ ಬಟ್ಟೆ, ಮೇಲೆ ಶಾಯಿ, ಎಳೆಯಲು ರಬ್ಬರ್ ಪಟ್ಟಿ. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್. ಮರ್ಲಿನ್‌ಗೆ ಐದು: 1953ರ ಸಿನಿಮಾ ಪ್ರಚಾರದ ಫೋಟೋಗೆ ಒಂದು, ಬಣ್ಣಗಳಿಗೆ ನಾಲ್ಕು. ಲಗ್ನಪತ್ರಿಕೆಯಲ್ಲಿ ಕೆಂಪು ಒಂದು ಕೂದಲೆಳೆ ಜಾರಿದರೂ ಗಿರಾಕಿ ಇಡೀ ಕಟ್ಟು ವಾಪಸ್ ತರುತ್ತಾರೆ. ಇಲ್ಲಿ ಕೆಲವು ಹಾಳೆಗಳಲ್ಲಿ ಬಣ್ಣ ಗೆರೆ ಬಿಟ್ಟು ಜಾರಿದೆ, ಮತ್ತು ಚಿತ್ರದ ಜೀವವೇ ಆ ಜಾರುವಿಕೆ. ಬಣ್ಣ ಬೇರೆ, ಹೆಂಗಸು ಬೇರೆ ಎಂದು ಕಣ್ಣಿಗೆ ಕಾಣಿಸುತ್ತದೆ. ಆಕೆ ತೀರಿಕೊಂಡದ್ದು 1962ರಲ್ಲಿ; ಮಾರುಕಟ್ಟೆ ಬಳಸಿದ ಆ ಮುಖ ಮಾತ್ರ ಬಣ್ಣ ಬದಲಿಸುತ್ತಾ ಉಳಿಯಿತು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿಯಿರಿ. ಸ್ಕ್ರೀನ್ ಪ್ರಿಂಟ್‌ನಲ್ಲಿ ಬಣ್ಣ ಗಟ್ಟಿಯಾಗಿ ಒಂದೇ ಪದರ, ಒಂದರ ಮೇಲೊಂದು ಕೂತ ಅಂಚು ಸ್ಪಷ್ಟ. ಆಫ್‌ಸೆಟ್‌ನ ಬಹುವರ್ಣದಲ್ಲಿ ನಾಲ್ಕು ಬಣ್ಣದ ಚುಕ್ಕೆಗಳು ಸಣ್ಣ ಹೂವಿನಂತೆ ಗುಂಪುಗೂಡಿರುತ್ತವೆ. ಇಂಕ್‌ಜೆಟ್‌ನಲ್ಲಿ ಶಾಯಿ ಸಿಂಪಡಿಸಿದಂತಿರುತ್ತದೆ. ಆದರೆ ಆಫ್‌ಸೆಟ್ ಎಂದ ಮಾತ್ರಕ್ಕೆ ಬದಿಗಿಡಬೇಡಿ: ಇನ್ನೊಬ್ಬ ಅಮೆರಿಕನ್ ಕಲಾವಿದ ರಾಯ್ ಲಿಚ್ಟನ್‌ಸ್ಟೈನ್‌ನ 1963ರ ಅಳುವ ಹುಡುಗಿಯ ಪ್ರಿಂಟ್ ಆಫ್‌ಸೆಟ್ ಲಿಥೋಗ್ರಾಫ್ ಆಗಿಯೇ ಹುಟ್ಟಿದ್ದು.

ಹರಾಜಿನ ಸುದ್ದಿಯನ್ನು ಬಿಡಿಸಿ ಓದಬೇಕು. 2022ರಲ್ಲಿ 19.5 ಕೋಟಿ ಡಾಲರಿಗೆ ಹೋದ ಮರ್ಲಿನ್ ಪ್ರಿಂಟ್ ಅಲ್ಲ, 1964ರ ಕ್ಯಾನ್ವಾಸ್. ಅದರಲ್ಲೂ ಕೂಗು ಮುಗಿದು ಸುತ್ತಿಗೆ ಬಿದ್ದದ್ದು 17 ಕೋಟಿಗೆ, ಉಳಿದದ್ದು ಹರಾಜು ಸಂಸ್ಥೆಯ ಶುಲ್ಕ. ಮಾರುವವರಿಗೆ ಲೆಕ್ಕ ಶುರುವಾಗುವುದು ಸುತ್ತಿಗೆ ಬೆಲೆಯಿಂದ, ಕಮಿಷನ್ ಕಳೆಯುವುದೂ ಅದರಿಂದಲೇ.

ಇನ್ನು ನಮ್ಮ ಕರಾವಳಿಯ ದೊಡ್ಡ ತಾಪತ್ರಯ, ಆಟಿ ತಿಂಗಳ ಮಳೆ. ಕಾಗದಕ್ಕೆ ಹಿತವಾದ ಗಾಳಿಯ ತೇವಾಂಶ ಶೇಕಡಾ 50ರ ಆಸುಪಾಸು. ಇಲ್ಲಿ ಮಳೆಗಾಲದಲ್ಲಿ ಅದು 80 ದಾಟುತ್ತದೆ. ಹಾಳೆ ಅಲೆಯಲೆಯಾಗಿ ಉಬ್ಬುತ್ತದೆ, ಕಂದು ಚುಕ್ಕೆ ಏಳುತ್ತದೆ. ಗಾಜಿಗೆ ತಾಗಿದ್ದರೆ ಶಾಯಿ ಗಾಜಿಗೇ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಬಣ್ಣ ಕಿತ್ತು ಬರುತ್ತದೆ. ಆದ್ದರಿಂದ ಗಾಜಿಗೂ ಹಾಳೆಗೂ ನಡುವೆ ಆಮ್ಲವಿಲ್ಲದ ಮೌಂಟ್ ಬೋರ್ಡ್ ಬೇಕೇ ಬೇಕು. ಹಿಂದೆ ಪ್ಲೈವುಡ್, ಹಾರ್ಡ್‌ಬೋರ್ಡ್ ಬೇಡ. ಅಂಟು ಬಳಿದು ಇಡೀ ಹಾಳೆಯನ್ನು ಬೋರ್ಡಿಗೆ ಒತ್ತಿಸುವುದು, ಫ್ರೇಮಿಗೆ ಸರಿಹೊಂದಲೆಂದು ಅಂಚು ಕತ್ತರಿಸುವುದು, ಇವೆರಡಂತೂ ಬೆಲೆಯನ್ನು ಅಲ್ಲೇ ಮುಗಿಸುತ್ತವೆ. ಮೇಲಂಚಿನಲ್ಲಿ ಮಾತ್ರ ಜಪಾನಿ ಕಾಗದದ ಎರಡು ತುಣುಕು, ಗೋಧಿ ಗಂಜಿಯ ಅಂಟು. ಹಾಳೆ ಸಡಿಲವಾಗಿ ತೂಗಬೇಕು.

ಮಳೆ ಹೊಡೆಯುವ ಹೊರಗೋಡೆ ಬಿಟ್ಟು ಒಳಗೋಡೆಗೆ ಹಾಕಿ. ಫ್ರೇಮಿನ ಕೆಳಮೂಲೆಗಳ ಹಿಂದೆ ಕಾರ್ಕ್ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ. ಹಗಲು ಎಸಿ, ರಾತ್ರಿ ಬಂದ್ ಎಂಬ ಏರಿಳಿತ ಹಾಳೆಗೆ ಒಳ್ಳೆಯದಲ್ಲ. ಬೂಷ್ಟು ಕಂಡರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಫ್ರೇಮ್ ಬಿಚ್ಚಿ, ಬಿಸಿಲು ತಾಗದ ಒಣ ಕೋಣೆಯಲ್ಲಿ ಹಾಳೆ ಪೂರ್ತಿ ಆರಲು ಬಿಡಿ. ಶಾಯಿಯ ಮೇಲೆ ಬ್ರಷ್ ಕೂಡ ಗೀರು ಬಿಡುತ್ತದೆ. ಬೂಷ್ಟು ತೆಗೆಯುವ ಕೆಲಸವನ್ನು ಕಾಗದ ಸಂರಕ್ಷಣೆ ಬಲ್ಲವರ ಕೈಗೇ ಕೊಡಿ.