ರೆಸಲ್ಯೂಟ್ ಬೇ – ಗ್ರೀಸ್ ಫಿಯಾರ್ಡ್: 1355 ಇದ್ದಿದ್ದು 383 ಆಯ್ತು

ಎರಡು ಏರ್‌ಪೋರ್ಟ್ ಮಧ್ಯೆ ದೂರ ಮತ್ತೆ ಟೈಮು ಲೆಕ್ಕ ಹಾಕೋ ಎಕ್ಸೆಲ್ ಶೀಟು ಮುಗೀತು ಅಂದ್ಕೊಂಡಿದ್ದೆ. ಬೆಂಗಳೂರು–ಮಂಗಳೂರು ಹಾಕಿದ್ರೆ 315 ಕಿ.ಮೀ. ತೋರಿಸ್ತಿತ್ತು, ಬರ್ಬೇಕಿದ್ದು 306 ಹತ್ರ, ಎಂಟೊಂಬತ್ತು ಕಿಲೋಮೀಟರ್‌ಗೆ ಯಾರು ತಲೆ ಕೆಡಿಸ್ಕೋತಾರೆ ಅಂತ ಬಿಟ್ಟಿದ್ದೆ. ಅದೇ ತಪ್ಪಾಗಿದ್ದು.

ಶನಿವಾರ ರಾತ್ರಿ ಸುಮ್ನೆ ಶೀಟಲ್ಲೇ ಕೆನಡಾದ ತುತ್ತ ಉತ್ತರದ ನುನಾವುಟ್ ಕಡೆ ಹೋದೆ. ರೆಸಲ್ಯೂಟ್ ಬೇ 74.72 ಉತ್ತರ, 94.97 ಪಶ್ಚಿಮ. ಗ್ರೀಸ್ ಫಿಯಾರ್ಡ್ 76.43 ಉತ್ತರ, 82.91 ಪಶ್ಚಿಮ. ಶೀಟು ಧೈರ್ಯವಾಗಿ 1355 ಕಿ.ಮೀ. ಅಂತು! ಅಲ್ಲಿ ಓಡಾಡೋದು ಟ್ವಿನ್ ಆಟರ್, 19 ಸೀಟಿನ ಪುಟ್ಟ ವಿಮಾನ, ಗ್ರೀಸ್ ಫಿಯಾರ್ಡಿನ ಗಿಡ್ಡ ಜಲ್ಲಿ ರನ್‌ವೇಗೆ ದೊಡ್ಡದು ಇಳಿಯೋ ಹಾಗೇ ಇಲ್ಲ, ಅದು ಇಷ್ಟು ದೂರಕ್ಕೆ ಹೆಚ್ಚುಕಮ್ಮಿ ಐದು ಗಂಟೆ ಹಾರ್ಬೇಕಾಗತ್ತೆ, ಆಗ್ಲೇ ಡೌಟ್ ಬಂತು.

ಭಾನುವಾರ ಕೂತು ನೋಡಿದ್ರೆ ಸಿಕ್ತು. ಒಂದು ಡಿಗ್ರಿ ಲಾಂಗಿಟ್ಯೂಡ್ (ರೇಖಾಂಶ) ಅಂದ್ರೆ 111 ಚಿಲ್ಲರೆ ಕಿ.ಮೀ. ಅಂತ ಎಲ್ಲಾ ಕಡೆ ಹಾಕ್ಬಿಟ್ಟಿದೀನಿ. ಬೆಂಗಳೂರಿನ ಹತ್ರ ಅದು 108, ಅದಕ್ಕೇ ಮೋಸ ಗೊತ್ತಾಗ್ಲಿಲ್ಲ. ಮೇಲೆ ಹೋಗ್ತಾ ಹೋಗ್ತಾ ಗೆರೆಗಳೆಲ್ಲ ಧ್ರುವದ ಕಡೆ ಕೂಡ್ಕೊಳ್ತವೆ, 75 ಡಿಗ್ರಿ ದಾಟಿದ್ಮೇಲೆ ಅದೇ ಒಂದು ಡಿಗ್ರಿ ಬರೀ 28 ಕಿ.ಮೀ. ಸರಿ, ದುಂಡಗಿನ ಭೂಮಿ ಮೇಲೆ ದೂರ ಲೆಕ್ಕ ಹಾಕೋ ಹ್ಯಾವರ್ಸೈನ್ ಫಾರ್ಮುಲಾ ಹಾಕ್ದೆ, ಡಿಗ್ರೀನ ರೇಡಿಯನ್ ಮಾಡೋದು ಮರೆತು ಅರ್ಧ ಗಂಟೆ ಹಾಳು (ಪ್ರತೀ ಸಲ ಇದೇ ಕಥೆ), ಕೊನೆಗೆ 383 ಕಿ.ಮೀ. ಬಂತು. ಅಂದ್ರೆ 207 ನಾಟಿಕಲ್ ಮೈಲಿ.

ಟೈಮು: ಟ್ವಿನ್ ಆಟರ್‌ಗೆ 150 ನಾಟ್ಸ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ಹಿಡಿದೆ, 83 ನಿಮಿಷ. ಏರೋದು ಇಳಿಯೋದಕ್ಕೆ ಅಂತ ನಾನೇ ಹತ್ತು ನಿಮಿಷ ಸೇರಿಸಿದೆ, ಒಂದೂವರೆ ಗಂಟೆ ಅಂದ್ಕೊಳ್ಳಿ. ಗಾಳಿಗೆ ಒಂದು ಕಾಲಂ ಹಾಕಿ ಆಡ್ತಾ ಇದ್ದೆ, ಎದುರುಗಾಳಿ 30 ನಾಟ್ಸ್ ಕೊಟ್ರೆ 83 ಹೋಗಿ 103 ಆಗತ್ತೆ, ಹಿಂದಿನಿಂದ ತಳ್ಳಿದ್ರೆ 69. ಜೆಟ್‌ಗೆ ಇಷ್ಟು ವ್ಯತ್ಯಾಸ ಬರಲ್ಲ, ನಿಧಾನದ ವಿಮಾನಕ್ಕೇ ಗಾಳಿ ಕಾಟ ಜಾಸ್ತಿ.

ನಂಗೆ ಮಜಾ ಅನ್ಸಿದ್ದು ದಿಕ್ಕು. ಉತ್ತರದಿಂದ ಬಲಕ್ಕೆ ಅಳೆದ್ರೆ ಹೊರಡೋವಾಗ 55 ಡಿಗ್ರಿ, ತಲುಪೋವಾಗ 66, ಪೈಲಟ್ ತಿರುಗಿಸಿದ್ದಲ್ಲ, ಹತ್ತಿರದ ದಾರೀಲಿ ನೆಟ್ಟಗೆ ಹೋದ್ರೂ ಅಷ್ಟು ಬದಲಾಗತ್ತೆ. ಕಂಪಾಸ್ ನೋಡೋಣ ಅಂದ್ರೆ ಮ್ಯಾಗ್ನೆಟಿಕ್ ಧ್ರುವ (ಕಂಪಾಸ್ ಮುಳ್ಳು ತೋರಿಸೋ ಜಾಗ) ತೀರಾ ದೂರ ಇಲ್ದೇ ಇರೋದ್ರಿಂದ ಆ ಕಡೆ ಅದನ್ನ ನಂಬೋ ಹಾಗಿಲ್ಲ. ಅದಕ್ಕೇ ರೆಸಲ್ಯೂಟ್ ರನ್‌ವೇ ಹೆಸರು 17ಟಿ/35ಟಿ, ಟಿ ಅಂದ್ರೆ ಟ್ರೂ, ನಿಜವಾದ ಉತ್ತರದಿಂದ ಅಳೆದಿದ್ದು. ನನ್ನ ಶೀಟಲ್ಲೂ ಈಗ ಒಂದು 'ಟಿ' ಸೇರಿಸಿದೀನಿ, ಸುಮ್ನೆ ಶೋಕಿಗೆ.

ಇವತ್ತಿನ ಸ್ಥಿತಿ: ಬೆಳಿಗ್ಗೆ ಹತ್ತಕ್ಕೆ ಹೊರಡಿಸಿದ್ರೆ 11:33ಕ್ಕೆ ಇಳೀತಿದೆ. ಅದೂ ತಪ್ಪು. ರೆಸಲ್ಯೂಟ್ ಸೆಂಟ್ರಲ್ ಟೈಮು, ಗ್ರೀಸ್ ಫಿಯಾರ್ಡ್ ಈಸ್ಟರ್ನ್, ಅಲ್ಲಿನ ಗಡಿಯಾರದಲ್ಲಿ 12:33 ಆಗಿರತ್ತೆ. ಟೈಮ್ ಝೋನ್ ಕಾಲಂ ಇನ್ನೂ ಹಾಕಿಲ್ಲ, ನಾಳೆ ಆಫೀಸಿಂದ ಬಂದು ನೋಡ್ತೀನಿ.