ರಿಪ್ ಆಫ್ ಅಂದ್ರೆ ಬರೀ ಮೋಸ ಅಲ್ಲ

ಇಂಗ್ಲಿಷ್ ಸಿನಿಮಾ ಸೀರೀಸ್ ನೋಡೋರಿಗೆ ‘ರಿಪ್ ಆಫ್’ ಅನ್ನೋದು ಆಗಾಗ ಕಿವಿಗೆ ಬೀಳ್ತಾನೇ ಇರತ್ತೆ. ನೇರ ಅರ್ಥ ಕಿತ್ತು ಹಾಕೋದು, ಡಬ್ಬಿ ಮೇಲಿನ ಲೇಬಲ್ ಪರ್ ಅಂತ ಕೀಳ್ತೀವಲ್ಲ ಹಾಗೆ. ಆದ್ರೆ ಮಾತಲ್ಲಿ ಜಾಸ್ತಿ ಬಳಸೋದು ದುಡ್ಡು ಸುಲಿಯೋದಕ್ಕೆ, ಅಂದ್ರೆ ವಸ್ತುವಿನ ಯೋಗ್ಯತೆಗಿಂತ ಸಿಕ್ಕಾಪಟ್ಟೆ ರೇಟ್ ಹಾಕಿ ಟೋಪಿ ಹಾಕೋದು.

ಜನ ಎಡವೋದು ಪದಗಳ ಜಾಗದಲ್ಲಿ. ‘ದೇ ರಿಪ್ಡ್ ಮೀ ಆಫ್’ ಅನ್ನಬೇಕು, ‘ರಿಪ್ಡ್ ಆಫ್ ಮೀ’ ಅಂದ್ರೆ ತಪ್ಪು, ಯಾಕಂದ್ರೆ ಮೀ, ಹಿಮ್, ದೆಮ್ ಥರದ ಸರ್ವನಾಮ ಬಂದ್ರೆ ಅದು ಮಧ್ಯದಲ್ಲೇ ಕೂರಬೇಕು. ಹೆಸರು ಅಥವಾ ನಾಮಪದ ಆದ್ರೆ ಮಧ್ಯದಲ್ಲೂ ಇಡಬಹುದು, ಕೊನೆಗೂ ಇಡಬಹುದು, ‘ರಿಪ್ ಟೂರಿಸ್ಟ್ಸ್ ಆಫ್’, ‘ರಿಪ್ ಆಫ್ ಟೂರಿಸ್ಟ್ಸ್’ ಎರಡೂ ಸರಿ. ಮೋಸ ಹೋದವರು ತಮ್ಮ ಬಗ್ಗೆ ಹೇಳ್ಕೊಳ್ಳೋವಾಗ ‘ಐ ಗಾಟ್ ರಿಪ್ಡ್ ಆಫ್’ ಅಂತಾರೆ, ನಂಗೆ ಇದೇ ಎಲ್ಲಕ್ಕಿಂತ ಉಪಯೋಗದ ರೂಪ ಅನ್ಸತ್ತೆ, ಮೊದಲು ಇದನ್ನ ಬಾಯಿಪಾಠ ಮಾಡ್ಕೊಳ್ಳಿ.

ಇನ್ನೊಂದು ಅರ್ಥನೂ ಇದೆ, ಬೇರೆಯವರ ಐಡಿಯಾನೋ ಡಿಸೈನೋ ಟ್ಯೂನೋ ಕದ್ದು ನಮ್ದೇ ಅಂತ ತೋರಿಸೋದು. ಆಗ ರಿಪ್ ಆಫ್ ಆಗೋದು ಆ ಐಡಿಯಾ. ಹಾಗೆ ಹುಟ್ಟಿದ ನಕಲನ್ನೂ ‘ಎ ರಿಪ್-ಆಫ್’ ಅಂತಾರೆ, ದುಬಾರಿ ಡೀಲ್‌ಗೂ ಅದೇ ನಾಮಪದ, ಯಾವುದು ಅನ್ನೋದು ಸಂದರ್ಭ ನೋಡಿದ್ರೆ ಗೊತ್ತಾಗತ್ತೆ.

ಫ್ರೆಂಡ್ಸ್ ಹತ್ರ ಧಾರಾಳವಾಗಿ ಬಳಸಿ. ಕಂಪನಿಗೆ ದೂರು ಬರೆಯೋವಾಗ ಮಾತ್ರ ಬೇಡ, ಅಲ್ಲಿ ‘ಓವರ್‌ಚಾರ್ಜ್ಡ್’ ಅಂತ ಬರೆದ್ರೆ ಚೆನ್ನಾಗಿರತ್ತೆ.